ಬೆಳಕಿಂಡಿ

ತಾವರಗೇರಾದ ನಮ್ಮ ಓಣಿಗೆ ಆಗ ಎರಡು ದಾರಿ:
ನೆಲದ ಮೇಲೊಂದು, ಮಾಳಿಗೆಯ ಮೇಲೊಂದು.
ಹದಿನಾಲ್ಕು ಮನೆ, ಮೇಲೆ ಒಂದೇ ಮಣ್ಣು.

ಊರೆಲ್ಲ ಹೊಲದಲ್ಲಿದ್ದಾಗ ಮೋಡ ಕಟ್ಟಿದರೆ
ಮಾಬವ್ವ ಕೌದಿಗೆ ಸೂಜಿ ಚುಚ್ಚಿಟ್ಟು
ಸೊಟ್ಟಗಾಲು ಎಳೆಯುತ್ತ ನಿಚ್ಚಣಿಕೆ ಹತ್ತುವಳು,
ಒಂದೊಂದೇ ಬೆಳಕಿಂಡಿಗೆ ಪರಸಿಗಲ್ಲು ಸರಿಸುವಳು.
ಒಳಗೆ ಮೊದಲು ಕತ್ತಲು,
ಆಮೇಲೆ ಮಳೆಯ ಸದ್ದು.
ಹಾಸಿಗೆ ಹಿಡಿದಿದ್ದ ನಮ್ಮಜ್ಜಿ ಕೂಗುವಳು:
"ಒಂದೀಟು ಸಂದಿ ಬಿಡಬೇ, ಮಳಿ ನೋಡ್ತೀನಿ!"

ಕೋಳಿ ಜಗಳದಿಂದ ಎರಡು ವರ್ಷ ಮಾತು ಬಿಟ್ಟಿದ್ದ
ಗದ್ದೆಮ್ಮನ ಕಿಂಡಿಯನ್ನೂ ಮುಚ್ಚುತ್ತಿದ್ದಳು;
ಕಲ್ಲು ಮಾತ್ರ ತುಸು ಜೋರಾಗಿ ಬೀಳುತ್ತಿತ್ತು.
ಮೇಲಿಂದ ಬಗ್ಗಿದವಳಿಗೆ ಕಾಣದೇ ಇದ್ದೀತೇ
ಯಾರ ಮನೆಯ ರೊಟ್ಟಿಬುಟ್ಟಿ ಬರಿದೆಂದು?
ಅದನ್ನವಳು ಯಾರಿಗೂ ಹೇಳಲಿಲ್ಲ.
ಸಂಜೆಗೆ ಆ ಹೊಸ್ತಿಲಲ್ಲಿ ಮುಚ್ಚಿದ ಬಟ್ಟಲು.

ಈಗ ಮಾಳಿಗೆ ಮಾಳಿಗೆಯ ನಡುವೆ ಮೊಳದಗಲ ಸಂದಿ.
ಸಿಮೆಂಟು ಸೋರುವುದಿಲ್ಲ,
ನಡುಹಗಲೇ ಟ್ಯೂಬ್‌ಲೈಟು.
ಪಕ್ಕದಲ್ಲಿ ಗಾಳಿಯಂತ್ರದ ಕೆಲಸಕ್ಕೆ ಬಂದವರು ಬಾಡಿಗೆಗಿದ್ದಾರೆ,
ಭಾಷೆ ಬೇರೆ; ನಾಲ್ಕು ತಿಂಗಳಲ್ಲಿ
ನೀರಿನ ಮೋಟಾರಿನ ಬಗ್ಗೆ ಎರಡು ಸಲ ಸಿಡುಕಿದ್ದೇನೆ, ಅಷ್ಟೇ.

ಮೊನ್ನೆ ಕುಷ್ಟಗಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೊಯ್ದಿತು.
ಮಾಳಿಗೆಯ ಮೇಲೆ ವರ್ಷಕ್ಕಾಗುವ ಮೆಣಸಿನಕಾಯಿ.
ಹೋಯಿತೆಂದೇ ಓಡಿಬಂದೆ:
ಯಾರದೋ ನೀಲಿ ತಾಡಪತ್ರಿ ಅದರ ಮೇಲೆ,
ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ.
ಅವರ ಹಗ್ಗದಲ್ಲಿ ಅವರ ಬಟ್ಟೆಗಳೇ ತೊಯ್ದು ತೊಟ್ಟಿಕ್ಕುತ್ತಿದ್ದವು.

ಸಂದಿಯೊಳಗೆ ಇಣುಕಿದರೆ ಕೆಸರಲ್ಲಿ
ಜಿಗಿಯುವಾಗ ಜಾರಿದ ಹೆಂಗಸಿನ ಚಪ್ಪಲಿ, ಒಂದೇ.
ಕೋಲಿನಿಂದ ಎತ್ತಿ, ತೊಳೆದು,
ಕೈಯಲ್ಲಿ ಹಿಡಿದು ಅವರ ಬಾಗಿಲಿಗೆ ಹೋದೆ
ಹೆಸರು ಕೇಳಲು.