ಮುಕ್ಕಾಲು ಗೇಣು

ಎಲುಬು ಕೂರಿಸುವಾಗ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು:
ಲೋಟ ಹಿಡಿದಂಗೆ ಹಿಡೀರಿ. ಬೀಳಬಾರದು, ಒಡೀಬಾರದು.
ಮಿಲ್ಲಿನವರು, ಹಮಾಲರು, ಬೈಕಿನಿಂದ ಬಿದ್ದ ಕಾಲೇಜು ಹುಡುಗರು
ಇಪ್ಪತ್ತಾರು ವರ್ಷದಿಂದ ಚಿಗಟೇರಿ ಆಸ್ಪತ್ರೆಯ ಈ ಕೋಣೆಯಲ್ಲಿ
ಇಲ್ಲದ ಲೋಟ ಹಿಡಿದು ಕೂತು
ಎದ್ದು ಹೋಗಿದ್ದಾರೆ.

ಡಿಸೆಂಬರಿನ ಆ ರಾತ್ರಿ ಬಂದವಳು
ಹೈಸ್ಕೂಲು ಮೈದಾನದ ಬೇಲಿಗುಂಟ ಸ್ವೆಟರ್ ಹರವುವ ಟಿಬೆಟಿನ ಯಾಂಗ್‌ಚೆನ್.
ತಗಡಿನ ಪೆಟ್ಟಿಗೆ ಇಳಿಸುವಾಗ ಎಡ ಅಂಗೈ ಎಲುಬು ಮುರಿದಿತ್ತು.
ಹುಟ್ಟಿದ್ದು ಮುಂಡಗೋಡು, ಕನ್ನಡ ನನ್ನದಕ್ಕಿಂತ ಖಡಕ್ಕು:
‘ಲಗೂನ ಕಟ್ರಿ ಅಣ್ಣಾರ, ನಾಳೆ ಐತವಾರ, ಗಿರಾಕಿ ಭಾಳ.’

ಬಲಗೈ ಮುಷ್ಟಿ ಬಿಗಿದಿತ್ತು.
ನೋವಿಗೆ ಅಂದುಕೊಂಡೆ.
ಬಿಚ್ಚಿದಳು: ಹೆಬ್ಬೆರಳುದ್ದದ ಹಿತ್ತಾಳೆ ಬುದ್ಧ,
ತಲೆಮಾರುಗಳ ಬೆವರಿಗೆ ಸವೆದ ಮೂಗು.
‘ವೈದ್ಯ ಇವ’ ಅಂದಳು, ‘ನಿಮ್ಮ ಡಾಕ್ಟರು ಬರೂತನ.’

ದೇವರ ಮುಖ ನೋಡುವವನಲ್ಲ ನಾನು. ಕೈ ನೋಡಿದೆ.
ಎಡಗೈ ಮಡಿಲಲ್ಲಿ, ಬೆರಳು ಅರ್ಧ ಬಾಗಿ, ಮೇಲೊಂದು ಬಟ್ಟಲು,
ಒಂದೇ ಒಂದು ಮಂಡಕ್ಕಿ ಹಿಡಿಸುವಷ್ಟು.
ಕೂರಿಸಿದವನು ಯಾರೋ, ಸರಿಯಾಗಿಯೇ ಕೂರಿಸಿದ್ದ.

ಬಲಗೈ ಮೊಣಕಾಲ ಮೇಲಿಂದ ಇಳಿಬಿದ್ದು
ಹೊರಕ್ಕೆ ತೆರೆದ ಅಂಗೈಯಲ್ಲಿ ಒಂದು ಕಾಯಿ, ಎಲೆಯ ಸಮೇತ.
‘ಅರುರ’ ಅಂದಳು.
ಕನ್ನಡಕ ಏರಿಸಿ, ಬಲ್ಬಿನ ಕೆಳಗೆ ಹಿಡಿದು ನೋಡಿದೆ.
ಅಯ್ಯೋ, ಅಳಲೆಕಾಯಿ!
ಅವ್ವ ಕಲ್ಲಿನ ಮೇಲೆ ತೇಯ್ದು
ನಾಲಗೆಗೆ ಒರೆಸುತ್ತಿದ್ದ ಅದೇ ಒಗರು,
ಓಡಿ ಹೋದರೂ ಹಿಡಿದು ತಂದು ಒರೆಸುತ್ತಿದ್ದದ್ದು.
ಈತ ಯಾರನ್ನೂ ಹಿಡಿಯುತ್ತಿಲ್ಲ.
ನೀಡಿಕೊಂಡು ಕೂತಿದ್ದಾನೆ, ಬೇಕಾದರೆ ತಗೋ ಅಂತ.

ತಿರುಗಿಸಿ ನೋಡುವಾಗ
ನನ್ನ ಬೆರಳಿಗಂಟಿದ್ದ ಗಾಯದ ನೀಲಿ ಔಷಧಿ
ಆತನ ಮಂಡಿಗೆ ಹತ್ತಿತು. ಗಾಬರಿಯಾಗಿ
ಸ್ಪಿರಿಟ್ಟಿನ ಹತ್ತಿ ತೆಗೆದರೆ ಅವಳು ನಗತೊಡಗಿದಳು,
ಮುರಿದ ಕೈ ಅಲುಗಿ ‘ಅಮ್ಮಾ’ ಅಂದು, ಮತ್ತೆ ನಕ್ಕಳು.
‘ಇರ್ಲಿ ಬಿಡ್ರಿ. ಇವನ ಮೈ ಬಣ್ಣ ನೀಲೀನ.
ಹಿತ್ತಾಳಿಯೊಳಗ ಕಾಣ್ಸೂದಿಲ್ಲ ಅಷ್ಟ.’

ಪ್ಲಾಸ್ಟರು ಒಣಗುವಾಗ ಬಿಸಿಯಾಗುತ್ತದೆ, ಹೆದರಬೇಡ, ಅಂದೆ.
ಆ ಬಿಸಿ ಆರುವಷ್ಟು ಹೊತ್ತು ಇನ್ನೊಬ್ಬಳ ಕತೆ ಹೇಳಿದಳು,
ಮಠದ ಪುಸ್ತಕದ ಚಿತ್ರದಲ್ಲಿ ಕಂಡವಳು:
ಕಾಡಿನ ಹೆಂಗಸು, ಮೂರು ಮುಖ, ಎಲೆಯೇ ಸೀರೆ,
ಕಾಲ ಕೆಳಗೆ ಬೇನೆ.
ಬೇನೆಗೂ ಕಣ್ಣು ಮೂಗು ಕೊಟ್ಟು, ಮೈತುಂಬ ಸಿಡುಬಿನ ಗುಳ್ಳೆ
ಒಂದೊಂದೂ ಬೇರೆ ಬೇರೆ ಕೆತ್ತಿದ್ದಾನಂತೆ ಕಲ್ಲಿನವನು.

ನಾನು ಮಾತಾಡಲಿಲ್ಲ.
ನಮ್ಮಜ್ಜಿಯ ಹಣೆಯೊಂದರಲ್ಲೇ ಹದಿನೇಳು ಕಲೆ, ಎಣಿಸಿದ್ದೆ.
ಬೇವಿನ ಸೊಪ್ಪು ಉಟ್ಟು ದುಗ್ಗಮ್ಮನ ಗುಡಿ ಸುತ್ತಿದವಳು.
ಎಲೆ ಉಟ್ಟವಳು ಯಾರು, ಕಾಲ ಕೆಳಗಿನವಳು ಯಾರು?
ಆ ಕಲ್ಲಿನವನೂ ಯಾರದೋ ಮಗ್ಗುಲಲ್ಲಿ
ರಾತ್ರಿಯಿಡೀ ಕೂತು ಬೀಸಣಿಗೆ ಬೀಸಿರಬೇಕು.
ಸುಮ್ಮನೆ ಅಷ್ಟು ಗುಳ್ಳೆ ಯಾರಿಗೂ ನೆನಪಿರುವುದಿಲ್ಲ.

ಸಂಕ್ರಾಂತಿ ಕಳೆದು, ಗಂಟು ಮೂಟೆ ಕಟ್ಟಿ ಬಂದಳು.
ಗರಗಸ ಹಾಕಿದೆ. ಸಿಪ್ಪೆ ಸೀಳಿ ಹೊರಬಂತು
ಬಿಳಿಚಿದ ಕೈ, ಹೊಟ್ಟೇಳುವ ಚರ್ಮ,
ಬೆರಳು ಇನ್ನೂ ಲೋಟ ಬಿಟ್ಟಿರಲಿಲ್ಲ.
ಬೆಚ್ಚನೆ ನೀರಲ್ಲಿ ಇಳಿಬಿಡಿಸಿ, ಬಿಡಿಸು, ಮಡಿಸು, ಅಂದೆ.
ಕಣ್ಣಲ್ಲಿ ನೀರು ಬಂತು, ಬೈದಳು, ಯಾವ ಭಾಷೆಯಲ್ಲೋ.

ದೇವರೆಲ್ಲಿ ಅಂತ ಕೇಳಬೇಕೆಂದಿದ್ದೆ. ನೀಲಿ ಇದೆಯೋ, ಹೋಯಿತೋ.
ಅಷ್ಟರಲ್ಲಿ ಅವಳು ನನ್ನ ಹಿಂದೆ ಬಂದು ನಿಂತು,
‘ಒಂದು ಸ್ವೆಟರ್ ಉಳದೈತ್ರಿ, ಮರೂನು, ಅಳತಿ ನೋಡ್ತೀನಿ’
ಅಂದವಳೇ ಆ ಎಡಗೈಯನ್ನೇ ನನ್ನ ಬೆನ್ನಿಗೆ ಊರಿ
ಹೆಬ್ಬೆರಳಿಂದ ಕಿರುಬೆರಳಿಗೆ ಎಳೆದಳು.
ನಡುಗಿತು. ನಿಂತಿತು. ಇನ್ನಿಷ್ಟು ಎಳೆದಳು.

ಮುಕ್ಕಾಲು ಗೇಣು.
‘ಹತ್ರಿ’ ಅಂದಳು, ಮತ್ತೆ ಮೊದಲಿಂದ ಅಳೆದಳು.