ಅಂಚು ಕತ್ತರಿಸಿದವರು ಯಾರು

ಮಾಮೂಲ್‌ಪೇಟೆಯ ನಮ್ಮ ಸ್ಟುಡಿಯೋಗೆ
ಮುನಿತಾಯಮ್ಮ ಬಂದದ್ದೇ ಜಗಳಕ್ಕೆ.
ಪೋಸ್ಟ್‌ಕಾರ್ಡಿನಷ್ಟಿದ್ದ ಫೋಟೋ ದೊಡ್ಡದು ಮಾಡಿಕೊಟ್ಟಿದ್ದೆ,
ಕಲೆ ತೆಗೆದು, ಗೀರು ತುಂಬಿ, ಕಟ್ಟು ಹಾಕಿ.

"ಅರ್ಧಕ್ಕರ್ಧ ಕತ್ತರಿಸಿದ್ದೀಯಲ್ಲಪ್ಪ,
ನಲ್ಲಿ ಎಲ್ಲಿ? ಮೆಟ್ಟಿಲು ಎಲ್ಲಿ?
ಇದು ಸೀಬೆ ಮರದ ನೆರಳು. ಮರ ಎಲ್ಲಿ?"

ಹಳೆಯದನ್ನು ಪಕ್ಕದಲ್ಲಿಟ್ಟು ತೋರಿಸಿದೆ.
ಒಂದು ಬಾಗಿಲು. ಬಾಡಿಗೆ ಸೈಕಲ್ಲಿನ ಮೇಲೆ ಒಂದು ಹುಡುಗಿ.
ಸೀಟಿನ ಹಿಂದೆ, ಮಣಿಕಟ್ಟಿನ ತನಕ, ಒಂದು ಕೈ.
ಅಷ್ಟೇ.
ಸುತ್ತಲ ಬಿಳಿ ಪಟ್ಟಿ ಎಲ್ಲೂ ಹರಿದಿಲ್ಲ.

ಕನ್ನಡಕ ಒರೆಸಿಕೊಂಡು ನೋಡಿದಳು.
ತಿರುಗಿಸಿ ಬೆನ್ನು ನೋಡಿದಳು,
ಉಳಿದ ವಠಾರ ಅತ್ತ ಸರಿದು ಕೂತಿರಬಹುದೇನೋ ಎಂಬಂತೆ.
"ನಲವತ್ತು ವರ್ಷ ನೋಡಿದ್ದೀನಿ ಕಣಪ್ಪ ಇದನ್ನ."

ನನಗೆ ನಗು ಬರಲಿಲ್ಲ.
ಇಂಥವರು ವಾರಕ್ಕೊಬ್ಬರಾದರೂ ಬರುತ್ತಾರೆ:
ಕಾಲು ಹೋಯಿತು ಅನ್ನುತ್ತಾರೆ, ಆಕಾಶ ಕಮ್ಮಿಯಾಯಿತು ಅನ್ನುತ್ತಾರೆ.
ಇಷ್ಟು ವರ್ಷದಲ್ಲಿ ಒಬ್ಬರೂ ಬಂದು
ಜಾಸ್ತಿ ಸೇರಿಸಿದ್ದೀಯ ಅಂದದ್ದಿಲ್ಲ.
ಕಣ್ಣು ಚೌಕಟ್ಟಿನವರೆಗೆ ಬಂದು ನಿಲ್ಲುತ್ತದೆ;
ಮನಸ್ಸಿಗೆ ಅಂಚೆಂದರೆ ಬರೀ ಒಂದು ತಿರುವು,
ಚಪ್ಪಲಿಯನ್ನೂ ಮೆಟ್ಟದೆ ನಡೆದುಬಿಡುತ್ತದೆ.

ಆ ವಠಾರ ಈಗ ಪ್ಲಾಸ್ಟಿಕ್ ಬಿಂದಿಗೆಗಳ ಗೋದಾಮು.
ದಿನಾ ಆ ಗಲ್ಲಿಯಲ್ಲೇ ಸ್ಕೂಟರ್ ತಿರುಗಿಸಿಕೊಳ್ಳುತ್ತೇನೆ,
ಬಾಗಿಲು ಯಾವ ಕಡೆಗಿತ್ತೋ ನಾ ಕಾಣೆ.

ಅವಳು ಫೋಟೋವನ್ನು ಕೌಂಟರಿನ ನಡುವೆ ಮಲಗಿಸಿದಳು.
ಅದರಾಚೆಗೆ, ಬರಿ ಗಾಜಿನ ಮೇಲೆ, ಬೆರಳೂರಿದಳು:
"ಇಲ್ಲಿ ನಲ್ಲಿ. ಸಾಲು ಹೀಗೆ ತಿರುಗುತ್ತಿತ್ತು.
ಇಲ್ಲಿ ಮೆಟ್ಟಿಲು, ಏಳು, ಮೇಲಿನದು ಮುರಿದಿತ್ತು."
ನನ್ನ ಸ್ಟೇಪ್ಲರ್ ಎತ್ತಿ ಸೀಬೆ ಮರ ನೆಟ್ಟಳು.
ಅಳತೆ ಹಿಡಿದವಳಂತೆ ಎಲ್ಲವನ್ನೂ
ಹುಡುಗಿಯ ದೊಡ್ಡಸ್ತಿಕೆಗೆ ತಕ್ಕ ದೂರದಲ್ಲಿಟ್ಟಳು.
ರಶೀದಿ ಪುಸ್ತಕ ಪಕ್ಕದ ಮನೆಯಾಯಿತು,
ಗೋಂದಿನ ಬಾಟಲಿ ಯಾರೋ ಸಾವಿತ್ರಕ್ಕ.

ಮತ್ತೆ ಆ ಕೈಗೆ ಬಂದಳು.
ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಹೆಗಲಿಗೆ
ಗಾಜಿನ ಮೇಲೆ ನಿಧಾನ ಗೆರೆ ಎಳೆದಳು,
ನನ್ನ ತನಕ ಬಂದು ನಿಂತಳು.

"ಸ್ವಲ್ಪ ಮೊಣಕೈ ತೆಗೀಪ್ಪ,
ಅವರು ನಿಂತಿರೋ ಜಾಗ ಅದು."

ತೆಗೆದೆ. ಒಂದು ಹೆಜ್ಜೆ ಹಿಂದಕ್ಕೂ ಸರಿದೆ,
ಮನುಷ್ಯ ಎತ್ತರದವನಿರಬಹುದು ಎಂದು.

ಕೊನೆಗೆ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡಳು.
ಮುನ್ನೂರರಲ್ಲಿ ನೂರೈವತ್ತು ಎಣಿಸಿಟ್ಟಳು.
ಅರ್ಧ ಫೋಟೋಗೆ ಅರ್ಧ ದುಡ್ಡು.
ನಾನು ವಾದ ಮಾಡಲಿಲ್ಲ.