ಉತ್ತಮ ಪುರುಷ, ಏಕವಚನ

ಕೆಲಸಕ್ಕೆ ಸೇರುವಾಗ ಕಲಿಸಿದ ನಿಯಮ ಎರಡೇ:
ಏನೂ ಸೇರಿಸಬೇಡ, ಏನೂ ಬಿಡಬೇಡ.
ಮತ್ತೆ, ಅವರು ನಾನು ಅಂದರೆ ನೀನೂ ನಾನು ಅನ್ನು.
ಆಕೆಗೆ ಎದೆನೋವಂತೆ ಅನ್ನುವ ಹಾಗಿಲ್ಲ.
ನನಗೆ ಎದೆನೋವು.

ಹೀಗೆ ಒಂಬತ್ತು ವರ್ಷದಲ್ಲಿ
ನನಗೆ ಮೂರು ಸಲ ಬಸಿರು ಇಳಿದಿದೆ,
ಬ್ರ್ಯಾಡ್‌ಫರ್ಡಿನಲ್ಲಿ ಗಂಡ ಹೊಡೆದಿದ್ದಾನೆ,
ಕ್ರಾಯ್ಡನ್ನಿನ ಪೊಲೀಸರಿಗೆ ಸುಳ್ಳು ಹೇಳಿದ್ದೇನೆ.
ಫೋನಿಟ್ಟ ಮೇಲೆ ಗ್ರಿಮ್ಸ್‌ಬಿಯ ಈ ಕೋಣೆಯಲ್ಲಿ
ಕೆಳಗಿನ ಮೀನಂಗಡಿಯವರು ಐಸು ಒಡೆಯುವುದನ್ನು ಕೇಳುತ್ತ
ಅನ್ನಕ್ಕಿಡುತ್ತೇನೆ. ಅಷ್ಟೇ.
ಅವರ ಪಟ್ಟಿಯಲ್ಲಿ ನನಗೆ ಹೆಸರಿಲ್ಲ.
ನಾನು ನಾಲ್ಕು ನಾಲ್ಕು ಒಂದು ಏಳು.

ನವೆಂಬರಿನ ರಾತ್ರಿ, ಮೂರಕ್ಕೆ ಹತ್ತು ನಿಮಿಷವಿತ್ತು.
ಕಾರ್ಲೈಲಿನ ಯಾವುದೋ ವಾರ್ಡು, ಮೊರಾಗ್ ಎಂಬ ನರ್ಸು:
ಅಜ್ಜಿಗೆ ಇಂಗ್ಲಿಷ್ ಬಾರದು, ಕಾಗದಪತ್ರ ಇಲ್ಲ,
ಯಾರು ಕರೆತಂದರೋ ಬರೆದಿಲ್ಲ. ಏನು ಬೇಕು, ಕೇಳು.

"ಕಾಲಿಗೆ ಥಂಡಿ ಹತ್ತೇತಿ ಯವ್ವಾ."
ಹುಬ್ಬಳ್ಳಿ ಕಡೆಯ ಮಾತು, ಅದೂ ನಮ್ಮಜ್ಜಿಯ ಕಾಲಕ್ಕೇ ಸವೆದದ್ದು.
ನನ್ನ ಕಾಲು ತಣ್ಣಗಾಗಿದೆ, ಅಂದೆ ಇಂಗ್ಲಿಷಿನಲ್ಲಿ.
ಹೆಸರು ಕೇಳು.
"ಯಾರರ ಕರದ್ರ ಇರತೈತಿ ಹೆಸರು."
ಯಾರಾದರೂ ಕರೆದರೆ ನನಗೆ ಹೆಸರಿರುತ್ತದೆ.
"ಕಿಡಕಿ ಹೊರಗ ಜ್ವಾಳಾ ಕೇರಾಕತ್ತಾರ. ಇಷ್ಟೊತ್ತಿನಾಗ."
ಕಿಟಕಿಯಾಚೆ ಯಾರೋ ಜೋಳ ಕೇರುತ್ತಿದ್ದಾರೆ.
ಅದು ಮಳೆ ಅಂತ ಹೇಳು, ಅಂದಳು ಮೊರಾಗ್.
ಹೇಳಿದೆ. ಅಜ್ಜಿ ನಕ್ಕಳು.
ನಗುವಿಗೆ ಅನುವಾದವಿಲ್ಲ, ಬಿಡುವಂತೆಯೂ ಇಲ್ಲ.
ಕತ್ತಲಲ್ಲಿ ಒಬ್ಬಳೇ ಕೂತು, ಅಷ್ಟೇ ಉದ್ದಕ್ಕೆ, ನಕ್ಕೆ.

"ಆತು. ಹೋಗಿ ಬರ್ತೇನಿ."

ಇಲ್ಲೇ ನಾನು ತಪ್ಪಿದ್ದು. ಗುಡ್‌ಬೈ ಅಂದಿದ್ದರೆ ಸಾಕಿತ್ತು,
ಚಿಲಕ ಬಿದ್ದ ಬಾಗಿಲಿನಂಥ ಶಬ್ದ ಅದು.
ನಮ್ಮಲ್ಲಿ ಬರೀ ಹೋಗ್ತೀನಿ ಅಂದರೆ ಅಪಶಕುನ,
ಹೊಸ್ತಿಲಲ್ಲೇ ತಡೆದು, ನೀರು ಕುಡಿಸಿ, ತಿದ್ದಿಸಿ ಕಳಿಸುತ್ತಿದ್ದರು.
ಏನೂ ಬಿಡದೆ ಏನೂ ಸೇರಿಸದೆ ಹೇಳಿದೆ:
ನಾನು ಹೋಗುತ್ತೇನೆ. ನಾನು ಬರುತ್ತೇನೆ.

ಆ ಕಡೆ ಬಹಳ ಹೊತ್ತು ಬರೀ ಕೇರುವ ಸದ್ದು.
ಆಮೇಲೆ ಮೊರಾಗ್, ದನಿ ಇಳಿಸಿ:
ಆಕೆ ಆಗಿನಿಂದ ತುಟಿಯನ್ನೇ ಅಲುಗಿಸಿಲ್ಲ.
ನನಗೆ ಕೇಳಿದ್ದು, ಎರಡೂ ಭಾಷೆಯಲ್ಲಿ,
ನೀನೊಬ್ಬಳೇ.

ಹನ್ನೊಂದು ನಿಮಿಷ. ಬಿಲ್ಲು ಕಳಿಸಿದೆ, ದುಡ್ಡೂ ಬಂತು.

ಮರುದಿನ ಮೂಲೆಯಂಗಡಿಯಿಂದ ಸೀಮೆಸುಣ್ಣ ತಂದು,
ನನ್ನ ಬಾಲ್ಯದಲ್ಲಿ ಓಣಿಗೆ ಓಣಿಯೇ ಹೆದರಿ ಬರೆದುಕೊಂಡ ಹಾಗೆ,
ಬಾಗಿಲ ಮೇಲೆ ಬರೆದೆ: ನಾಳೆ ಬಾ.
ಬಂದವಳು ಓದಿಕೊಂಡು ತಿರುಗಿಹೋಗಲಿ.
ಈ ಬೀದಿಯಲ್ಲಿ ಕನ್ನಡ ಓದಬಲ್ಲವರು
ಇನ್ನು ಯಾರಿದ್ದಾರೆ?

ಸಂಜೆ ಹಾಲು, ಈರುಳ್ಳಿ ಹಿಡಿದು ಮೆಟ್ಟಿಲು ಹತ್ತಿದೆ.
ಕಾಲು ತಣ್ಣಗೆ. ಕೆಳಗೆ ಮೀನಂಗಡಿಯಲ್ಲಿ
ಐಸನ್ನೋ ಏನನ್ನೋ ಕೇರುತ್ತಿದ್ದರು.
ಕೀಲಿ ತೆಗೆದವಳು ತಲೆಯೆತ್ತಿ
ನಿಧಾನಕ್ಕೆ, ಅಕ್ಷರ ಕೂಡಿಸಿ, ಓದಿದೆ.

ಆತು, ಅಂದೆ.
ಇಳಿದೆ.